ಕಾಕುವಿನ ಎಡಗೈ

ಕಾಕುವಿನ ಎದೆಯ ಮೇಲೆ ಸದಾ ಒಂದು ಬೆಳ್ಳಿ ಕರಡಿಗೆ ತೂಗುತ್ತಿತ್ತು. ನಿಂಬೆಹಣ್ಣಿನಷ್ಟು ದಪ್ಪ, ಒಂದು ಬದಿ ತಗ್ಗು ಬಿದ್ದದ್ದು. ಏನಾದರೂ ತಲೆಯೊಳಗೆ ಹೊಕ್ಕಿತೆಂದರೆ ಅವರ ಹೆಬ್ಬೆರಳು ತಾನಾಗಿಯೇ ಆ ತಗ್ಗಿಗೆ ಹೋಗಿ ತಿಕ್ಕತೊಡಗುತ್ತಿತ್ತು. ಕರಡಿಗೆಯೊಳಗೆ ಅವರ ಇಷ್ಟಲಿಂಗ. ಕೂಸಾಗಿದ್ದಾಗ ಕಟ್ಟಿದ್ದನ್ನು ಅವರು ಮೈಯಿಂದ ಬೇರೆ ಮಾಡಿದವರಲ್ಲ. ಬೆಳಿಗ್ಗೆ ಸ್ನಾನವಾದ ಮೇಲೆ ಎಡ ಅಂಗೈಯಲ್ಲಿಟ್ಟು ಪೂಜಿಸುವುದು, ಮತ್ತೆ ಕರಡಿಗೆಗೆ, ಮತ್ತೆ ಎದೆಯ ಮೇಲೆ.

ಹೆಬ್ಬೆರಳು ತಿಕ್ಕಲು ಶುರುವಾದರೆ ಪ್ರಶ್ನೆ ಬಂತೆಂದೇ ಅರ್ಥ. ನಮ್ಮವರ ಹತ್ತಿರ ‘ಯಾಕ?’, ಮರಾಠಿಯವರ ಹತ್ತಿರ ‘ಕಾ?’, ಹಿಂದಿಯವರ ಹತ್ತಿರ ‘ಕ್ಯೋಂ?’. ಮೂರೂ ಭಾಷೆಯಲ್ಲಿ ಅವರು ಮೊದಲು ಕಲಿತ ಮಾತು ಇದೇ ಇರಬೇಕು.

ಅವರು ನನಗೆ ಸಂಬಂಧಿಕರೇನಲ್ಲ. ಬ್ಯಾಂಕಿನ ವರ್ಗಾವಣೆಯಲ್ಲಿ ನಾನು ಕಲಬುರಗಿಯಿಂದ ನಾಸಿಕ್‌ಗೆ ಬಂದಾಗ ಮೇಲಿನ ಮನೆಯಲ್ಲಿದ್ದವರು. ಬೀದರ್ ಕಡೆಯವರು, ಗಂಡನಿಗೆ ಪಂಚವಟಿಯಲ್ಲಿ ಬೇಳೆ, ಅಕ್ಕಿ, ಬೆಲ್ಲದ ವ್ಯಾಪಾರ. ಚಿಕ್ಕಮ್ಮನನ್ನು ಕರೆಯುವ ಹಾಗೆ ಕಾಕು ಎಂದೆ, ಅದೇ ಉಳಿಯಿತು. ಪ್ರಶ್ನೆ ಕೇಳುವವರನ್ನು ಕಂಡರೆ ನನಗೆ ಅಷ್ಟಕ್ಕಷ್ಟೆ. ದಿನವಿಡೀ ಕೌಂಟರಿನಲ್ಲಿ ಅದನ್ನೇ ಅನುಭವಿಸಿ ಬಂದವಳಿಗೆ ಮೆಟ್ಟಿಲ ಮೇಲೆ ‘ತಂಗಿ, ಎಟಿಎಮ್ಮಿನಾಗ ಹರಿದ ನೋಟು ಬಂದ್ರ ಯಾರು ಹೊಣಿ?’ ಎಂದು ಅಡ್ಡಗಟ್ಟಿದರೆ ಹೇಗಾಗಬೇಡ! ಆದರೂ ಅವರು ಕೊಡುವ ಜೋಳದ ರೊಟ್ಟಿ, ಶೇಂಗಾ ಚಟ್ನಿಗಾಗಿ ನಿಲ್ಲುತ್ತಿದ್ದೆ.

ಒಂದು ವರ್ಷ ಪಂಚವಟಿಯ ಸಭಾಭವನದ ಮುಂದೆ ಹೆಂಗಸರ ಎದೆ ತಪಾಸಣೆಗೆಂದು ವ್ಯಾನು ಬಂದು ನಿಂತಿತು. ಕಾಕುವಿಗೆ ಅರವತ್ತರ ಹತ್ತಿರ. ಅವರ ಸ್ವಂತ ಅಕ್ಕ ಎದೆಯ ಗಂಟನ್ನು ಸೆರಗಿನೊಳಗೆ ಮುಚ್ಚಿಟ್ಟುಕೊಂಡು, ನೋವು ತಡೆಯಲಾರದಾದ ಮೇಲೆ ಬಾಯಿ ಬಿಟ್ಟು, ತೀರಿಹೋಗಿದ್ದರು. ಹಾಗಾಗಿ ಇವರು ಹೋಗಲೇಬೇಕೆಂದು ನಾನೇ ಎಬ್ಬಿಸಿ ಕಳಿಸಿದೆ. ಸಂಜೆ ನೋಡಿದರೆ ಹೋದ ಹಾಗೆಯೇ ವಾಪಸ್ ಬಂದಿದ್ದಾರೆ.

‘ಕೊಳ್ಳಾಗಿಂದೆಲ್ಲಾ ತೆಗಿರಿ ಅಂದ್ರು. ಯಾಕ ಅಂತ ಕೇಳ್ದೆ. ರೂಲ್ ಅದ ಅಂದ್ರು. ಲೈನ್ ದೊಡ್ಡದಿತ್ತು, ಎದ್ದು ಬಂದೆ.’

ನನಗೆ ಸಿಟ್ಟು ನೆತ್ತಿಗೇರಿತು. ನಮ್ಮ ಮನೆಯಲ್ಲಿ ಲಿಂಗ ಕಟ್ಟುವ ಪದ್ಧತಿಯಿಲ್ಲ. ಐದು ನಿಮಿಷ ತೆಗೆದಿಟ್ಟರೆ ದೇವರೇನು ಓಡಿಹೋಗುತ್ತಾನೆಯೇ, ಅಕ್ಕನ ಗತಿ ಮರೆತಿರಾ, ಹೆದರಿಕೆಗೆ ದೇವರ ನೆಪ ಯಾಕೆ ಎಂದು ಬಾಯಿಗೆ ಬಂದದ್ದೆಲ್ಲ ಅಂದೆ. ಕಾಕು ಪೂರ್ತಿ ಕೇಳಿಸಿಕೊಂಡರು.

‘ಹೆದರಿಕಿ ಅದ, ಇಲ್ಲ ಅನ್ನಂಗಿಲ್ಲ. ಆದ್ರ ನಾ ಒಲ್ಲೆ ಅಂದಿಲ್ಲಲ್ಲ ತಂಗಿ, ಯಾಕ ಅಂತ ಕೇಳೀನಿ. ನೀ ಹೇಳು ನೋಡಮು. ಆ ಮಷೀನು ಏನು ನೋಡ್ತದ? ಅದು ಸುಳ್ಳು ಹೇಳ್ತದೇನು? ಒಮ್ಮೆ ಮಾಡಿಸಿದ್ರ ಮುಂದ ಬರಂಗಿಲ್ಲೇನು?’

ಮಾಡಿಸಿಕೊಳ್ಳಬೇಕು ಎಂಬುದೊಂದು ಬಿಟ್ಟರೆ ನನಗೂ ಏನೂ ಗೊತ್ತಿರಲಿಲ್ಲ.

ಕಾಕುವಿನ ಮಗಳು ಇರುವುದು ಸಂಭಾಜಿನಗರದಲ್ಲಿ. ಅಲ್ಲಿನ ಆಸ್ಪತ್ರೆಯೊಂದರಲ್ಲಿ ಸಮಾಧಾನದಿಂದ ಮಾತಾಡುವ ಡಾಕ್ಟರಮ್ಮ ಇದ್ದಾರೆಂದು ಆಕೆ ಫೋನು ಮಾಡಿದಾಗ ನಾನೂ ರಜೆ ಹಾಕಿ ಜೊತೆಗೆ ಹೊರಟೆ. ಬಸ್ಸಿನಲ್ಲಿ ಯೇವಲಾ ಊರು ಬರುವಷ್ಟರಲ್ಲಿ ಕಾಕು ಪಕ್ಕದ ಸೀಟಿನ ನೇಕಾರ ಹೆಂಗಸಿನ ಸ್ನೇಹ ಮಾಡಿ, ಪೈಠಣಿ ಸೀರೆಯ ಸೆರಗು ಎರಡೂ ಮಗ್ಗುಲು ಒಂದೇ ಥರ ಕಾಣುವುದು ಹೇಗೆಂದು ತಿಳಿದುಕೊಂಡಾಗಿತ್ತು. ಅಲ್ಲಿಂದ ಮಾತು ಯಾವ ಮಾಯದಲ್ಲೋ ತಪಾಸಣೆಗೆ ಹೊರಳಿತು. ಆ ಹೆಂಗಸು ಮಾಡಿಸಿಕೊಂಡವಳು. ‘ಒತ್ತುತ್ತದೆ, ನೋಯುತ್ತದೆ, ಆದರೆ ಬೇಗ ಮುಗಿಯುತ್ತದೆ’ ಎಂದಳು ಮರಾಠಿಯಲ್ಲಿ. ಕಾಕು ನನ್ನ ಕಡೆ ತಿರುಗಿ, ‘ನೀ ಇದು ಹೇಳೇ ಇಲ್ಲ’ ಎಂದರು.

ಡಾಕ್ಟರಮ್ಮ ಪ್ರಾಯದವರು. ಕಾಕುವಿನ ಹೆಬ್ಬೆರಳು ಕರಡಿಗೆಗೆ ಹೋದದ್ದೇ ತಡ, ಅವರು ಮೇಜಿನ ಆಚೆಯಿಂದ ಕುರ್ಚಿ ಎಳೆದುಕೊಂಡು ಬಂದು ಪಕ್ಕದಲ್ಲೇ ಕೂತರು. ಅಕ್ಕನಿಗೆ ಬಂದಿದ್ದರಿಂದ ನಿಮಗೆ ಬಂದೇ ಬರುತ್ತದೆ ಎಂದಲ್ಲ, ಸಾಧ್ಯತೆ ಹೆಚ್ಚು. ಈ ಪರೀಕ್ಷೆ ರೋಗ ಬರದಂತೆ ತಡೆಯುವುದಿಲ್ಲ, ಬಂದಿದ್ದರೆ ಕೈಗೆ ಗಂಟು ಸಿಗುವ ಮುಂಚೆಯೇ ಕಾಣಬಹುದು. ಕೆಲವೊಮ್ಮೆ ಇಲ್ಲದ್ದನ್ನು ಇದ್ದಂತೆ ತೋರಿಸುತ್ತದೆ, ಆಗ ಮತ್ತೆ ಕರೆಯುತ್ತೇವೆ, ಬೇಕಾದರೆ ಸೂಜಿ ಹಾಕಿ ನೋಡುತ್ತೇವೆ. ಕೆಲವೊಮ್ಮೆ ಇದ್ದದ್ದನ್ನೂ ಬಿಟ್ಟುಬಿಡುತ್ತದೆ. ಹೀಗೆ ಒಂದೊಂದಾಗಿ ಹೇಳಿದರು. ಇಷ್ಟೆಲ್ಲ ಕೊರತೆ ಕೇಳಿ ಕಾಕು ಎದ್ದೇ ಹೋಗುತ್ತಾರೆಂದು ನಾನು ಅಂದುಕೊಂಡೆ. ಕಾಕು ಮಾತ್ರ ಮೊದಲ ಸಲ ಕರಡಿಗೆಯಿಂದ ಕೈ ತೆಗೆದರು.

‘ತನಗ ಬರದ್ದೂ ಹೇಳ್ತಾಳ ನೋಡು. ಈಕಿನ್ನ ನಂಬಬಹುದು’ ಎಂದು ನನ್ನ ಕಿವಿಯಲ್ಲಿ ಹೇಳಿ ಒಳಗೆ ನಡೆದರು.

ನಾನು ಪರದೆಯ ಈಚೆ ನಿಂತೆ. ಚಿತ್ರ ತೆಗೆಯುವಾಕೆ ಕೊರಳಿನದೆಲ್ಲ ತೆಗೆಯಿರಿ ಎಂದಳು. ಒಳಗಿನಿಂದ ‘ಕಾ?’ ಕೇಳಿಸಿತು. ಬೆಳ್ಳಿ ಅಡ್ಡ ಬಂದರೆ ಚಿತ್ರದಲ್ಲಿ ಬೆಳ್ಳಗೆ ಮೂಡುತ್ತದೆ, ಅದರ ಹಿಂದೇನಿದೆಯೋ ಕಾಣುವುದಿಲ್ಲ ಎಂದು ಆಕೆ ಹೇಳಿದಳು.

‘ಅಂದರೆ ಎದೆಯ ಮೇಲೆ ಇರಬಾರದು ಅಷ್ಟೆ. ಕೈಯಲ್ಲಿದ್ದರೆ?’ ಎಂದರು ಕಾಕು ಮರಾಠಿಯಲ್ಲಿ.

ಯಾವ ಬದಿಯ ಚಿತ್ರವೋ ಆ ಬದಿಯ ಕೈ ಮಷೀನಿನ ಹಿಡಿಕೆ ಹಿಡಿಯಬೇಕು, ಇನ್ನೊಂದರಲ್ಲಿ ಹಿಡಿದುಕೊಳ್ಳಬಹುದು ಎಂದಳು ಆಕೆ. ಕಾಕು ಕರಡಿಗೆ, ಶಿವದಾರ ತೆಗೆದು ಪರದೆಯ ಸಂದಿಯಿಂದ ನನ್ನ ಕೈಗೆ ಕೊಟ್ಟರು. ಲಿಂಗ ಅವರ ಎಡ ಅಂಗೈಯಲ್ಲಿತ್ತು. ಬಲಗಡೆಯ ಚಿತ್ರ ಹಾಗೆಯೇ ಮುಗಿಯಿತು. ಎಡಗಡೆಯ ಸರದಿ ಬಂದಾಗ ಕಾಕು ಕನ್ನಡದಲ್ಲಿ ತಮ್ಮಷ್ಟಕ್ಕೆ ಅಂದುಕೊಂಡದ್ದು ನನಗೆ ಕೇಳಿಸಿತು: ‘ಇರ್ಲಿ, ಬಲಗೈಗೆ ಬಾ. ನೀ ಎಡ ಬಲ ನೋಡಾಂವಲ್ಲ.’

ಚಿತ್ರದಲ್ಲಿ ತೊಂದರೆಯೇನೂ ಕಾಣಲಿಲ್ಲ. ನಾನು ಪೇಢೆ ಕೊಳ್ಳೋಣವೆಂದರೆ ಕಾಕು ‘ಇದು ಇವತ್ತಿಂದಾತು. ಮತ್ತ ಯಾವಾಗ ಬರಬೇಕು?’ ಎಂದು ಡಾಕ್ಟರಮ್ಮನ ಬಾಗಿಲಿಗೆ ವಾಪಸ್ ಹೋದರು.

ಆಮೇಲೆ ನಮ್ಮ ಮೆಟ್ಟಿಲೇ ಒಂದು ಶಾಲೆಯಾಯಿತು. ಕೆಳಗಿನ ಪ್ರಾಧ್ಯಾಪಕಿ, ಎದುರು ಮನೆಯ ಸೊಸೆ, ಘೋಟಿ ಊರಿನಿಂದ ಅವರ ಅಂಗಡಿಗೆ ಅಕ್ಕಿ ತರುವ ಹೆಂಗಸು, ಎಲ್ಲರಿಗೂ ಡಾಕ್ಟರಮ್ಮ ಹೇಳಿದ ಒಳ್ಳೆಯದೂ ಕೊರತೆಯೂ ಒಂದು ಬಿಡದೆ ಒಪ್ಪಿಸುತ್ತಿದ್ದರು. ಹೋಗಿ ಎಂದು ಯಾರಿಗೂ ಹೇಳಲಿಲ್ಲ. ಪ್ರಾಧ್ಯಾಪಕಿ ಹೋಗಿ ಬಂದರು. ಅಕ್ಕಿಯ ಹೆಂಗಸು ಎಲ್ಲ ಕೇಳಿ ‘ಈಗ ಬೇಡ’ ಎಂದಳು. ಒತ್ತಾಯ ಮಾಡಬೇಕಿತ್ತೆಂದು ನಾನು ಜಗಳವಾಡಿದೆ.

‘ಮೈಯಾಗ ಏನರ ಬದಲಾದ್ರ ಒಂದಿನಾನೂ ದೂಡಬ್ಯಾಡ ಅಂತ ಹೇಳೀನಿ. ತಿಳಕೊಂಡು ಒಲ್ಲೆ ಅಂದಾಳ. ನಮ್ಮ ಅಕ್ಕ ತಿಳೀದೇ ಸತ್ತಳು. ಎರಡೂ ಒಂದೇನು?’

ನನಗೆ ಇಂದಿಗೂ ಅದು ಪೂರ್ತಿ ಒಪ್ಪಿಗೆಯಿಲ್ಲ.

ಕಾಕು ಹೋದ ವರ್ಷ ಹೃದಯ ನಿಂತು ತೀರಿಕೊಂಡರು. ‘ತಪಾಸಣೆ ಎಲ್ಲ ಮಾಡಿಸಿದ್ದಳಲ್ಲ’ ಎಂದು ಯಾರೋ ಅಂದರು. ಕಾಕು ಇದ್ದಿದ್ದರೆ, ಯಾವುದರ ತಪಾಸಣೆ, ಯಾವುದರ ಸಾವು ಎಂದು ಬಿಡಿಸಿ ಕೇಳುತ್ತಿದ್ದರು. ಅವರ ಪದ್ಧತಿಯಂತೆ ಸಮಾಧಿಯೊಳಗೆ ಕೂರಿಸಿ, ಕರಡಿಗೆಯಿಂದ ಲಿಂಗ ತೆಗೆದು ಎಡ ಅಂಗೈಯಲ್ಲಿಟ್ಟರು. ಆ ಕೈಯನ್ನು ಕಂಡದ್ದೇ ನಾನು ಎಲ್ಲರೆದುರು ಬಿಕ್ಕಿ ಬಿಕ್ಕಿ ಅತ್ತುಬಿಟ್ಟೆ.

ಈಚೆಗೆ ನಾನೂ ತಪಾಸಣೆ ಮಾಡಿಸಿಕೊಂಡೆ. ಮೊನ್ನೆ ಆ ಚಿತ್ರದಲ್ಲಿ ಏನೋ ಕಂಡಿದೆಯೆಂದು ಆಸ್ಪತ್ರೆಯವರು ಮತ್ತೆ ಕರೆದರು. ಡಾಕ್ಟರು ನಿಂತಲ್ಲೇ, ಸೂಜಿ ಹಾಕಿ ನೋಡಬೇಕು, ನಾಳೆಯೇ ಬನ್ನಿ ಎಂದರು. ತಲೆಯಾಡಿಸಿ ಎದ್ದುಬಿಡಬೇಕೆಂದಿದ್ದವಳ ಹೆಬ್ಬೆರಳು, ಏನೂ ಇಲ್ಲದ ನನ್ನ ಎದೆಯ ಮೇಲೆ ಏನನ್ನೋ ಹುಡುಕುತ್ತಿತ್ತು.

‘ಕಾ?’ ಎಂದೆ.

ಅವರು ಕುರ್ಚಿ ಎಳೆದುಕೊಂಡು ಕೂತರು.