ಹಲಗಿಗೆ ಹೇಳದ ಪದಗಳು

ನಾನು ಈವರೆಗೆ ಬರೆದದ್ದರಲ್ಲಿ ಎಲ್ಲಕ್ಕಿಂತ ಹೆಚ್ಚು ಕೆಡುಕು ಮಾಡಿದ್ದು ಒಂದು ಹಾಳೆಯ ಪದಪಟ್ಟಿ. ಎಂಬತ್ತರ ದಶಕದ ಕೊನೆ. ಚಿಕ್ಕೋಡಿ–ನಿಪ್ಪಾಣಿ ರಸ್ತೆಯ ಒಂದು ಹಳ್ಳಿಯ ಹೈಸ್ಕೂಲಿಗೆ ಕನ್ನಡ ಕಲಿಸಲು ಸೇರಿ ಎರಡು ವರ್ಷವಾಗಿತ್ತು. ಎಂ.ಎ. ಮಾಡಿದ ಬಿಸಿ ಇನ್ನೂ ಆರಿರಲಿಲ್ಲ.

ನಮ್ಮ ಶಾಲೆಗೆ ಹೆಸರು ಬಂದದ್ದು ಲೇಜಿಮಿನ ಕುಣಿತದಿಂದ. ಮರದ ಹಿಡಿಕೆ, ಅದಕ್ಕೆ ಬಿಗಿದ ಕಬ್ಬಿಣದ ಸರಪಳಿ, ಸರಪಳಿಯ ತುಂಬ ಝಣಗುಡುವ ಬಿಲ್ಲೆಗಳು. ಅದನ್ನು ಹಿಡಿದು ನಲವತ್ತು ಹುಡುಗಿಯರು ಸಾಲಾಗಿ ಕುಣಿಯುತ್ತಿದ್ದರು. ಕಲಿಸುತ್ತಿದ್ದವರು ನಮ್ಮ ಡ್ರಿಲ್ ಮಾಸ್ತರರು. ಮಾರ್ಚಿಗೆ ಅವರ ನಿವೃತ್ತಿ. ಕೊನೆಯ ವರ್ಷವೂ ತಾಲೂಕಿನ ಮೊದಲ ಬಹುಮಾನ ತಂದುಕೊಟ್ಟು ಮನೆಗೆ ಹೋಗಬೇಕು ಎಂಬುದೊಂದೇ ಆಸೆ ಅವರಿಗೆ.

ಅವರು ಕೂಗುತ್ತಿದ್ದ ಆಜ್ಞೆಗಳು ಹಿಂದಿ, ಮರಾಠಿ ಬೆರೆತ ಹಳೆಯ ಮಾತುಗಳು. ‘ಏಕ್ ಜಗಾ’ ಎಂದರೆ ನಿಂತಲ್ಲೇ ಆಡುವುದು. ‘ಚಾರ್ ಆವಾಜ್’ ಎಂದರೆ ನಾಲ್ಕು ಎಣಿಕೆಗೆ ನಾಲ್ಕು ಸದ್ದು. ‘ಆಗೇ ಫಲಾಂಗ್’ ಎಂದರೆ ಮುಂದಕ್ಕೆ ಜಿಗಿತ. ಆದರೆ ಗಡಿಯ ಕಡೆ ಆಗ ಬೋರ್ಡು, ಹಾಡು, ಭಾಷಣ ಎಲ್ಲದರ ಭಾಷೆಯನ್ನೂ ಜನ ಕಣ್ಣಿಟ್ಟು ನೋಡುವ ಕಾಲ. ಹೆಡ್ ಮಾಸ್ತರರು ನನ್ನನ್ನು ಕರೆಸಿದರು. ಆ ಕಡೆ ಶಿಕ್ಷಕಿಯರೆಲ್ಲ ‘ಬಾಯಾರು’.

“ಬಾಯಾರ, ಈ ಸಲ ಆರ್ಡರ್ ಎಲ್ಲಾ ಕನ್ನಡದಾಗ ಆಗ್ಬೇಕ್ರಿ. ಜಡ್ಜ್ ಮಂದಿ ಅದನ್ನ ನೋಡ್ತಾರ. ನೀವ ಬರದ ಕೊಡ್ರಿ.”

ಒಂದು ದಿನವಾದರೂ ಮೈದಾನಕ್ಕೆ ಹೋಗಿ ಆ ಕಾಲುಗಳನ್ನು ನೋಡಬೇಕಿತ್ತು. ನಾನು ನಿಘಂಟು ಹಿಡಿದು ಕೂತೆ. ಏಕ್ ಜಗಾ ‘ಸ್ಥಿರಸ್ಥಾನ’ವಾಯಿತು, ಚಾರ್ ಆವಾಜ್ ‘ಚತುರ್ನಾದ’ವಾಯಿತು, ಆಗೇ ಫಲಾಂಗ್ ‘ಪುರೋಲಂಘನ’ವಾಯಿತು. ಎಂಥ ಹೆಮ್ಮೆ ನನಗೆ! ಮಾಸ್ತರರು ಹಾಳೆಯನ್ನು ದೂರ ಹಿಡಿದು ಓದಿ, “ಬಾಯಾರ, ಇದು ಜಿಗಿಯೂದೋ, ಪೂಜಾ ಮಾಡೂದೋ?” ಎಂದು ನಕ್ಕರು. ನಕ್ಕರೂ ಬಿಡಲಿಲ್ಲ, ವಾರದೊಳಗೆ ಬಾಯಿಪಾಠ ಮಾಡಿದರು. ಹುಡುಗಿಯರೂ ಕಲಿತರು. ಪಟ್ಟಿಯ ಪ್ರತಿಗಳನ್ನು ಹುಡುಗಿಯರಿಗೆ, ಹೆಡ್ ಮಾಸ್ತರರಿಗೆ, ತೀರ್ಪುಗಾರರಿಗೆ ಎಲ್ಲರಿಗೂ ಹಂಚಿದೆ.

ಕುಣಿತಕ್ಕೆ ತಾಳವಾಗಿ ಹಲಗಿ ಬಾರಿಸುವ ಕಾಕಾನಿಗೆ ಮಾತ್ರ ಯಾರೂ ಏನೂ ಹೇಳಲಿಲ್ಲ. ಅವರು ನಮ್ಮ ಹಳ್ಳಿಯವರೇ, ನಿಪ್ಪಾಣಿಯ ತಂಬಾಕಿನ ಗೋದಾಮಿನಲ್ಲಿ ದುಡಿಯುತ್ತಿದ್ದರು. ತಾಲೀಮು ನಡೆಯುತ್ತಿದ್ದದ್ದು ಸೀಟಿಯ ಮೇಲೆ. ಕಾಕಾ ಬರುತ್ತಿದ್ದದ್ದು ಸ್ಪರ್ಧೆಯ ದಿನ ಮಾತ್ರ. ಎಷ್ಟೋ ವರ್ಷಗಳ ಜೋಡಿ ಅದು. ಮಾಸ್ತರರ ಬಾಯಿಂದ ‘ಚಾರ್’ ಬರುವಷ್ಟರಲ್ಲಿ ಹಲಗಿಯ ಪೆಟ್ಟು ತಾನಾಗಿ ಬದಲಾಗುತ್ತಿತ್ತು.

ಚಿಕ್ಕೋಡಿಯ ಮೈದಾನದಲ್ಲಿ ಸ್ಥಿರಸ್ಥಾನ ಸರಿಯಾಗಿಯೇ ನಡೆಯಿತು, ಮೊದಲ ಪೆಟ್ಟು ಯಾವತ್ತೂ ಅದೇ ಆದ್ದರಿಂದ. ಆಮೇಲೆ ಮಾಸ್ತರರು “ಚತುರ್ನಾದ” ಎಂದರು. ಹಲಗಿ ಮೊದಲ ಪೆಟ್ಟಿನಲ್ಲೇ ಇತ್ತು. ಅರ್ಧ ಹುಡುಗಿಯರು ಮಾತಿನ ಹಿಂದೆ ಹೋದರು, ಅರ್ಧ ಹಲಗಿಯ ಹಿಂದೆ. ಕಾಕಾ ಬಾರಿಸುತ್ತಲೇ ಮಾಸ್ತರರ ಮುಖ ನೋಡುತ್ತಿದ್ದರು. “ಪುರೋಲಂಘನ” ಎಂದಾಗ ಮುಂದಿನ ಸಾಲು ಜಿಗಿಯಿತು, ಹಿಂದಿನ ಸಾಲು ನಿಂತೇ ಇತ್ತು. ಮಾಸ್ತರರು ಹಳೆಯ ಮಾತನ್ನು ಕೂಗಿದ್ದರೆ ಎಲ್ಲ ಸರಿಹೋಗುತ್ತಿತ್ತೇನೋ. ಅವರು ಕೂಗಲಿಲ್ಲ. ಸೀಟಿ ಊದಿ ಆಟವನ್ನು ನಡುವೆಯೇ ನಿಲ್ಲಿಸಿದರು.

ಮೈದಾನದ ಅಂಚಿನಲ್ಲಿ ಹೆಡ್ ಮಾಸ್ತರರು ಕಾಕಾನನ್ನು ಹಿಡಿದುಕೊಂಡರು. “ಕುಡದ ಬಂದಿ ಏನಲೇ?”

ಕಾಕಾ ಕುಡಿಯುವವರಲ್ಲ, ಅದು ಊರಿಗೇ ಗೊತ್ತಿತ್ತು. ಹಲಗಿಯನ್ನು ಎದೆಗೆ ಒತ್ತಿಕೊಂಡು ನಿಂತರು. “ತಪ್ಪ ನಂದ್ರಿ” ಎಂದರು ಮಾಸ್ತರರು. ಯಾರೂ ಕೇಳಿಸಿಕೊಳ್ಳಲಿಲ್ಲ. ತಪ್ಪು ಅವರದೂ ಅಲ್ಲ, ನನ್ನದು. ಐದು ನಿಮಿಷ ಕಾಕಾನ ಎದುರು ಕೂತು ಹೇಳಿದ್ದರೆ ಸಾಕಾಗಿತ್ತು. ಕಾಕಾನಿಗೆ ಓದಲು ಬಾರದು ಎಂದು ನಾನು ಬಿಟ್ಟದ್ದಲ್ಲ. ಲೇಜಿಮು, ಸೀಟಿ, ಹಲಗಿ ಎಂದು ಸಾಮಾನುಗಳ ಜೊತೆ ಅವರನ್ನು ಎಣಿಸಿದ್ದೆ. ಅದು ಆ ಕ್ಷಣದಲ್ಲೇ ನನಗೆ ಹೊಳೆಯಿತು. ಹೊಳೆದರೂ ಬಾಯಿ ತೆರೆಯಲಿಲ್ಲ. ಹೆಡ್ ಮಾಸ್ತರರಿಗೆ ಹೆದರಿದೆ, ತೀರ್ಪುಗಾರರ ಎದುರು ನಾಚಿದೆ, ನನ್ನ ಚಪ್ಪಲಿಯನ್ನೇ ನೋಡುತ್ತ ನಿಂತೆ.

ಮಾರ್ಚಿನಲ್ಲಿ ಮಾಸ್ತರರು ನಿವೃತ್ತರಾದರು. ಬೀಳ್ಕೊಡುಗೆಯ ಸಭೆಯಲ್ಲಿ ಎರಡು ಮಾತಾಡಿ ಕೂತುಬಿಟ್ಟರು. ಲೇಜಿಮಿನ ಸುದ್ದಿಯನ್ನೇ ಎತ್ತಲಿಲ್ಲ. ಜೂನಿನಲ್ಲಿ ಹೆಡ್ ಮಾಸ್ತರರು ಶಾಲೆಗೆ ಟೇಪ್ ರೆಕಾರ್ಡರ್ ತರಿಸಿದರು. ಇನ್ನು ಮುಂದೆ ಹಲಗಿಯವರ ಗೋಜೇ ಬೇಡ, ಕ್ಯಾಸೆಟ್ಟು ಹಾಕಿದರಾಯಿತು ಎಂದರು.

ಅದಾದ ವಾರಕ್ಕೆ ನಿಪ್ಪಾಣಿಯ ಬಸ್ಸಿನಲ್ಲಿ ಕಾಕಾ ಸಿಕ್ಕರು. ನನ್ನ ಮುಂದಿನ ಸೀಟು, ಮೈಯಿಂದ ತಂಬಾಕಿನ ಘಾಟು. ತಿರುಗಿ ನಕ್ಕರು.

“ಬಾಯಾರ, ನಿಮ್ಮ ಮಾತ ಎಲ್ಲಾ ಕಲತೇನ್ರಿ. ಮಗಳ ಕಡಿಂದ ದಿನಾ ನಿಮ್ಮ ಪಟ್ಟಿ ಓದಿಸ್ಕೊಂಡ್ನಿ.”

ಸೀಟಿನ ಕಬ್ಬಿಣದ ಸರಳಿನ ಮೇಲೆ ಬೆರಳಾಡಿಸುತ್ತ ಒಂದೊಂದಾಗಿ ಹೇಳಿದರು. ಸ್ಥಿರಸ್ಥಾನಕ್ಕೆ ಅದರ ಪೆಟ್ಟು, ಚತುರ್ನಾದಕ್ಕೆ ಅದರದು. ಪುರೋಲಂಘನ ಎಂದಾಗ ನಾಲಿಗೆ ಒಂದಿಷ್ಟೂ ತೊಡರಲಿಲ್ಲ, ಬೆರಳೂ ತಪ್ಪಲಿಲ್ಲ.

“ಈಗ ತಪ್ಪೂದಿಲ್ರಿ. ಈ ಸಲ ಕರೀತೀರಲ್ರಿ?”

ಟೇಪ್ ರೆಕಾರ್ಡರ್ ಆಗಲೇ ಹೆಡ್ ಮಾಸ್ತರರ ಕಪಾಟಿನಲ್ಲಿತ್ತು.

“ಕರೀತೇವ್ರಿ, ಕಾಕಾ” ಅಂದೆ.