ನಾನು ಹಾಕಿದ ಸುಳ್ಳು ಬಾರ

ಕಳೆದ ಚಳಿಗಾಲ ನನ್ನ ಮೊಮ್ಮಗ ಇದ್ದ ಜಾಗದ ಹೆಸರು ನನಗೆ ಈಗಲೂ ಗೊತ್ತಿಲ್ಲ. ಸೈನ್ಯದ ಹುಡುಗರು ಅದನ್ನು ಮನೆಯವರಿಗೂ ಹೇಳುವಂತಿಲ್ಲವಂತೆ. ಬೆಟ್ಟದ ನೆತ್ತಿ, ಸುತ್ತ ಹಿಮ, ಒಂದು ಪ್ಲಾಸ್ಟಿಕ್ ಗುಡಿಸಲು, ಅದರೊಳಗೆ ಆರು ಜನ. ದಾರಿ ಮುಚ್ಚಿತು ಎಂದರೆ ಬೇಸಿಗೆಯವರೆಗೆ ಮೇಲಿದ್ದವರು ಮೇಲೇ.

ನಾನೂ ಮೇಲೇ ಇದ್ದೆ. ಗುಬ್ಬಿಯ ನನ್ನ ಮನೆಯ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡ ಮೇಲೆ ಮಗ ನನ್ನನ್ನು ತುಮಕೂರಿನ ತನ್ನ ಬಾಡಿಗೆ ಮನೆಗೆ ಕರೆತಂದ. ಎರಡನೇ ಮಹಡಿ, ಲಿಫ್ಟ್ ಇಲ್ಲ. ನಾಲ್ಕು ಜನ ನನ್ನನ್ನು ಕುರ್ಚಿಯಲ್ಲಿ ಕೂರಿಸಿ ಹೊತ್ತರು. ಮೊದಲ ಮಹಡಿಯ ಹೆಂಗಸರು ಬಾಗಿಲಿಗೆ ಬಂದು ನಿಂತಿದ್ದರು. ಅವರಿಗೆಲ್ಲ ಕೈಯೆತ್ತಿ ಆಶೀರ್ವಾದ ಮಾಡುತ್ತಾ ಹೋದೆ. ಹೊತ್ತವರಿಗೆ ನಗು ಬಂದು ಕುರ್ಚಿ ವಾಲಿತು. ನಗು ಅಲ್ಲಿಗೇ ಮುಗಿಯಿತು. ಆಮೇಲೆ ಮಂಚದಿಂದ ಕಿಟಕಿಗೆ ವಾಕರ್ ಹಿಡಿದು ಹನ್ನೊಂದು ಹೆಜ್ಜೆ, ಕಿಟಕಿಯಿಂದ ಮಂಚಕ್ಕೆ ಹನ್ನೊಂದು. ಕಿಟಕಿಯಲ್ಲಿ ಕಾಣುವುದು ಎದುರು ಮನೆಯ ಕಪ್ಪು ನೀರಿನ ಟ್ಯಾಂಕು. ಅದು ತುಂಬಿ ಹರಿದ ದಿನ ನನಗೆ ಹಬ್ಬ.

ನಾನು ಬಿದ್ದ ವಿಷಯ ಮೊಮ್ಮಗನಿಗೆ ತಿಳಿಯಬಾರದು ಎಂದು ಮನೆಯಲ್ಲಿ ತೀರ್ಮಾನವಾಗಿತ್ತು. ಗಡಿಯಲ್ಲಿರುವವನಿಗೆ ಒಳ್ಳೆಯ ಸುದ್ದಿ ಮಾತ್ರ ಹೇಳಬೇಕು. ಫೋಟೋ ತೆಗೆಯುವ ದಿನ ಸೊಸೆ ನನಗೆ ರೇಷ್ಮೆ ಸೀರೆ ಸುತ್ತಿ, ವಾಕರನ್ನು ಬಾಗಿಲ ಹಿಂದೆ ಇಟ್ಟಳು.

"ವಸಿ ನಗಿ ಅತ್ತೆ, ಹಲ್ಲು ಕಾಣ್ಲಿ."

"ಇರೋದೇ ಆರು ಹಲ್ಲು ಕಣೇ. ನೋಡಿ ಹೆದ್ರುಕೊಂಡಾನು."

ಅಲ್ಲಿಗೆ ಫೋನ್ ಮಾಡಿದರೆ ಸಿಗುತ್ತಿರಲಿಲ್ಲ. ಮೋಡ ಇಲ್ಲದ ದಿನ, ಗುಡಿಸಲಿನ ಹಿಂದೆ ಒಂದು ಮೂಲೆಯಲ್ಲಿ ನಿಂತರೆ ಮೆಸೇಜು ಮಾತ್ರ ಹೋಗುತ್ತಿತ್ತು, ಬರುತ್ತಿತ್ತು. ಹಾಗಾಗಿ ನಾನು ಟೈಪ್ ಮಾಡುವುದನ್ನು ಕಲಿತೆ. ಕಲಿಸಿದವಳು ಮೊಮ್ಮಗಳು, ಅವನ ತಂಗಿ, ಡಿಗ್ರಿ ಓದುತ್ತಾಳೆ. "ಊಟ ಆಯ್ತಾ" ಎಂದು ಬರೆಯಲು ನನಗೆ ಒಂದು ಮಧ್ಯಾಹ್ನ ಬೇಕಾಯಿತು. ಉತ್ತರ ಮೂರು ದಿನದ ಮೇಲೆ ಬಂತು: "ಯಾವ ದಿನದ್ದು ಅಜ್ಜಿ?"

ಅವನ ದಿನ ಹೇಗೆ ಕಳೆಯುತ್ತದೆಂದು ನನಗೆ ತುಣುಕು ತುಣುಕಾಗಿ ತಿಳಿಯಿತು. ಬೆಳಿಗ್ಗೆ ಎದ್ದು ಬಾಗಿಲನ್ನು ಒಳಗಿನಿಂದ ಒದೆಯಬೇಕು, ಹೊರಗೆ ಹಿಮ ಒತ್ತಿ ನಿಂತಿರುತ್ತದೆ. ಸಲಿಕೆಯಲ್ಲಿ ಎತ್ತಿ ಹಾಕಬೇಕು. ಅದೇ ಹಿಮವನ್ನು ಸೀಮೆಎಣ್ಣೆ ಒಲೆಯ ಮೇಲೆ ಕರಗಿಸಿದರೆ ಕುಡಿಯುವ ನೀರು. ದೊಡ್ಡ ಪಾತ್ರೆ ತುಂಬ ಹಿಮ ಹಾಕಿದರೆ ಎರಡು ಲೋಟ. ಪಾಳಿಯ ಮೇಲೆ ಕಾವಲು. ಕಾವಲು ಮುಗಿದರೆ ಗುಡಿಸಲು. ಗುಡಿಸಲೊಳಗೆ ನೆಟ್ಟಗೆ ನಿಂತರೆ ತಲೆ ತಗಲುತ್ತದೆ. ಒಬ್ಬ ಕಾಲು ಚಾಚಿದರೆ ಇನ್ನೊಬ್ಬ ಮಡಚಬೇಕು. ಒಬ್ಬರ ತಲೆಗೂದಲು ಒಬ್ಬರು ಕತ್ತರಿಸುವುದು. ಕಾಲುಚೀಲ ಸುತ್ತಿ ಚೆಂಡು ಮಾಡಿ, ಕೂತಲ್ಲೇ ಕ್ರಿಕೆಟ್ ಆಡುವುದು. ಫೋನಿನಲ್ಲಿ ಇದ್ದ ಮೂರು ಸಿನಿಮಾಗಳನ್ನು ಎಷ್ಟು ಸಲ ನೋಡಿದ್ದರೆಂದರೆ, ಕೊನೆಕೊನೆಗೆ ಧ್ವನಿ ಬಂದ್ ಮಾಡಿ ಡೈಲಾಗನ್ನು ತಾವೇ ಹೇಳುತ್ತಿದ್ದರಂತೆ. ದಾರಿ ಮುಚ್ಚುವ ಮೊದಲು ಸೊಸೆ ಕಳಿಸಿದ್ದ ರಾಗಿ ಹಿಟ್ಟಿನಲ್ಲಿ ಒಂದು ದಿನ ಮುದ್ದೆ ಕಟ್ಟಿದನಂತೆ. ಹರಿಯಾಣದ ಜೊತೆಗಾರ ಅದನ್ನು ಬೆರಳಲ್ಲಿ ಒತ್ತಿ ನೋಡಿ, ಗೋಡೆಯ ಬಿರುಕು ಮುಚ್ಚಲು ಒಳ್ಳೆಯದು ಅಂದನಂತೆ.

"ಗುಡಿಸ್ಲು ದಿನಾ ಚಿಕ್ಕದಾಗ್ತಾ ಐತೆ ಅಜ್ಜಿ" ಎಂದು ಒಂದು ದಿನ ಬರೆದ. ಅವತ್ತು ನಾನು ಕಿಟಕಿಗೆ ಹೆಜ್ಜೆ ಎಣಿಸಿದರೆ ಹತ್ತೇ ಆಯಿತು. ನಾನು ಹೆಜ್ಜೆ ದೊಡ್ಡದು ಹಾಕಿರಬೇಕು. ಆದರೂ ಅವನ ಮಾತು ನಂಬಿದೆ.

ಚೌಕಾಬಾರದ ನೆನಪು ಬಂದದ್ದು ಅವನಿಗೇ. ಚಿಕ್ಕವನಿದ್ದಾಗ ಗುಬ್ಬಿ ಮನೆಯ ಪಡಸಾಲೆಯಲ್ಲಿ ಸೀಮೆಸುಣ್ಣದಿಂದ ಇಪ್ಪತ್ತೈದು ಮನೆ ಬರೆದು ನನ್ನ ಜೊತೆ ಆಡುತ್ತಿದ್ದ. ಈಗ ಗುಡಿಸಲಿನಲ್ಲಿ ರೇಷನ್ನಿನ ರಟ್ಟಿನ ಮೇಲೆ ಮನೆ ಬರೆದುಕೊಂಡ. ಕವಡೆ ಇಲ್ಲ. ಅವರಿಗೆ ತಿನ್ನಲು ಪಿಸ್ತಾ ಕೊಡುತ್ತಾರಂತೆ, ಅದರ ಅರ್ಧ ಸಿಪ್ಪೆಗಳು ನಾಲ್ಕು ಕವಡೆಯಾದವು. ಎಷ್ಟು ಮಗುಚಿ ಬಿದ್ದವೋ ಅಷ್ಟು ಮನೆ ನಡೆಯಬೇಕು. ನಾಲ್ಕೂ ಬಾಯಿ ಮೇಲೆ ಬಿದ್ದರೆ ಚೌಕ, ನಾಲ್ಕು ಮನೆ. ನಾಲ್ಕೂ ಕವುಚಿ ಬಿದ್ದರೆ ಬಾರ, ಎಂಟು ಮನೆ, ಮತ್ತೊಂದು ಸಲ ಹಾಕಬಹುದು.

ಇಲ್ಲಿ ಬರೆಯುವಾಗಲೇ ತಪ್ಪು ಮಾಡಿದೆ. ಎಷ್ಟು ಬಾಯಿ ಮೇಲೆ ಬಿದ್ದವೋ ಅಷ್ಟು ಮನೆ. ಅವನಿಗೂ ಮೊದಲ ಸಲ ಹೀಗೇ ಉಲ್ಟಾ ಹೇಳಿಕೊಟ್ಟಿದ್ದೆ, ಅಲ್ಲಿ ಆರು ಜನ ಒಂದು ವಾರ ಜಗಳವಾಡಿದರು.

ಆಮೇಲೆ ನಾನೂ ಅವನೂ ಆಡಲು ಶುರು ಮಾಡಿದೆವು. ನಾನಿಲ್ಲಿ ಮಂಚದ ಮೇಲೆ ತಟ್ಟೆಯಲ್ಲಿ ಕವಡೆ ಹಾಕುವುದು, ಬಿದ್ದದ್ದನ್ನು ಬರೆದು ಕಳಿಸುವುದು. ಅವನಲ್ಲಿ ಸಿಪ್ಪೆ ಹಾಕಿ ಬರೆಯುವುದು. ಇಬ್ಬರ ಹತ್ತಿರವೂ ಮನೆ ಬರೆದ ರಟ್ಟು. ದಿನಕ್ಕೆ ಮೂರ್ನಾಲ್ಕು ಸಲ ಹಾಕಿದರೆ ಹೆಚ್ಚು. ಮೋಡ ಇದ್ದರೆ ಅದೂ ಇಲ್ಲ. ನೋಡುವವರಿಲ್ಲ. ಹೇಳಿದ್ದೇ ಲೆಕ್ಕ.

ಅವನೇ ಒಂದು ದಿನ ಕೇಳಿದ: "ಏನಜ್ಜಿ, ಯಾವಾಗ್ ನೋಡಿದ್ರೂ ಮನೇಲೇ ಇರ್ತೀಯ? ಸಂತೆ ಇಲ್ವಾ, ಮದ್ವೆ ಇಲ್ವಾ?"

ನನಗೆ ಸುಳ್ಳು ಸಾಕಾಗಿತ್ತು. ಬಿದ್ದದ್ದು, ಆಪರೇಷನ್ ಮಾಡಿ ಸೊಂಟಕ್ಕೆ ಕಂಬಿ ಹಾಕಿದ್ದು, ರೇಷ್ಮೆ ಸೀರೆ ಎಲ್ಲ ಬರೆದುಬಿಟ್ಟೆ. ಮಾರನೇ ದಿನ ಉತ್ತರ ಬಂತು.

"ನಂದೂ ಒಂದ್ ಐತೆ. ಯಾರ್ಗೂ ಹೇಳ್ಬ್ಯಾಡ. ಎಡಗಾಲಿಂದು ಕಿರುಬೆರಳು, ಅದ್ರ ಪಕ್ಕದ್ದು, ಎರಡೂ ಮರಗಟ್ಟವೆ. ಸೂಜಿ ಚುಚ್ಚಿದ್ರೂ ಗೊತ್ತಾಗ್ತಿಲ್ಲ. ಬಣ್ಣ ನೇರಳೆ ಹಣ್ಣು."

ಆ ಗುಡಿಸಲಿನಲ್ಲಿ ಔಷಧಿ ಕೊಡುವವನು ಒಬ್ಬ ಇದ್ದ. ಅವನಿಗೆ ತೋರಿಸು ಎಂದೆ. ತೋರಿಸಿದರೆ ವೈರ್‌ಲೆಸ್ಸಿನಲ್ಲಿ ಹೇಳುತ್ತಾರೆ, ಹೆಲಿಕಾಪ್ಟರ್ ಬಂದು ಕೆಳಗೆ ಒಯ್ಯುತ್ತದೆ, ಕಾಗದದಲ್ಲಿ ಕಾಲು ಸರಿಯಿಲ್ಲ ಎಂದು ಬರೆಯುತ್ತಾರೆ ಎಂದ. ಮೊಮ್ಮಗನದು ನಾಲ್ಕು ವರ್ಷದ ನೌಕರಿ. ಅದು ಮುಗಿಯುವಾಗ ಕೆಲವರನ್ನು ಮಾತ್ರ ಉಳಿಸಿಕೊಂಡು ಉಳಿದವರನ್ನು ಮನೆಗೆ ಕಳಿಸುತ್ತಾರೆ. ಅವನಿಗೆ ಆಗ ಮೂರನೇ ವರ್ಷ. ಕಾಲು ಸರಿಯಿಲ್ಲದವನನ್ನು ಯಾರು ಉಳಿಸಿಕೊಳ್ಳುತ್ತಾರೆ? "ದಾರಿ ಬಿಡೋವರ್ಗೂ ತಡ್ಕೊಂಡ್ರೆ ಸರಿ ಹೋಯ್ತದೆ ಬುಡು" ಎಂದು ಬರೆದ.

ಸರಿ ಹೋಗುವುದಿಲ್ಲವೆಂದು ನನಗೆ ಗೊತ್ತಿತ್ತು. ಸಕ್ಕರೆ ಕಾಯಿಲೆಯಲ್ಲಿ ನಮ್ಮ ಯಜಮಾನರ ಬೆರಳು ಹೀಗೇ ನೇರಳೆಯಾಗಿ, ಕಪ್ಪಾಗಿ, ಆಮೇಲೆ ಪಾದವೇ ಹೋಯಿತು. ಮಗನಿಗೆ ಹೇಳೋಣವೆಂದರೆ ಅವನು ವಸಂತನರಸಾಪುರದ ಫ್ಯಾಕ್ಟರಿಯಲ್ಲಿ ಇಪ್ಪತ್ತು ವರ್ಷ ಗುತ್ತಿಗೆ ಕೆಲಸ ಮಾಡಿದವನು. ತನ್ನ ಮಗನ ನೌಕರಿ ಗಟ್ಟಿಯಾಗಲಿ ಎಂದು ಸೋಮವಾರ ಉಪವಾಸ ಇರುತ್ತಾನೆ. "ತಡ್ಕೊಳ್ಲಿ ಕಣವ್ವ" ಎಂದುಬಿಟ್ಟರೆ? ಕೇಳಲು ಧೈರ್ಯವಾಗಲಿಲ್ಲ. ಬಾಗಿಲು ತೆಗೆದು ಓಡಿಹೋಗಿ ಯಾರಿಗಾದರೂ ಹೇಳಬೇಕೆನ್ನಿಸುತ್ತಿತ್ತು. ಓಡುವುದೆಲ್ಲಿ, ಹನ್ನೊಂದು ಹೆಜ್ಜೆ.

ಕುಣಿಗಲ್ ಸೀಮೆಯ ಹುಲಿಯೂರುದುರ್ಗ ನನ್ನ ತವರು. ಅಲ್ಲಿ ನಮ್ಮ ಮನೆಯಲ್ಲಿ ಚೌಕಾಬಾರಕ್ಕೆ ದುಡ್ಡು ಕಟ್ಟುತ್ತಿರಲಿಲ್ಲ, ಮಾತು ಕಟ್ಟುತ್ತಿದ್ದರು. ಗೆದ್ದವರು ಒಂದು ಕೆಲಸ ಹೇಳಬೇಕು, ಸೋತವರು ಯಾಕೆ ಎನ್ನದೆ ಮಾಡಬೇಕು. ನಮ್ಮಣ್ಣನನ್ನು ಸೋಲಿಸಿ ಅವನ ಕೈಲಿ ಒಂದು ಸೇರು ರಾಗಿ ಬೀಸಿಸಿದ್ದೆ. ಬೀದಿಯ ಹೆಂಗಸರೆಲ್ಲ ಬಂದು ನೋಡಿದ್ದರು. ಆ ಮಾತು ಮೀರಿದವರು ನಮ್ಮ ಮನೆಯಲ್ಲಿ ಇಲ್ಲ. ಇದು ಮೊಮ್ಮಗನಿಗೂ ಗೊತ್ತು.

"ಮಾತು ಕಟ್ತೀಯೇನ್ಲಾ?" ಎಂದು ಬರೆದೆ.

"ಕಟ್ದೆ. ಸೋತ್ರೆ ಅಳ್ಬಾರ್ದು."

ಆಟ ಹದಿನಾಲ್ಕು ದಿನ ನಡೆಯಿತು. ನಡುವೆ ಬೆರಳಿನ ಬಗ್ಗೆ ಕೇಳಿದರೆ "ಅದೇ ತರ" ಎನ್ನುತ್ತಿದ್ದ. ಆಮೇಲೆ "ವಾಸನೆ ಬರ್ತೈತೆ ಅಂತ ಪಕ್ಕದೋನು ಕಾಲುಚೀಲ ತೊಳಿ ಅಂತವ್ನೆ" ಎಂದು ನಗುವ ಗೊಂಬೆ ಹಾಕಿ ಕಳಿಸಿದ. 

ಕೊನೆಗೆ ಇಬ್ಬರದೂ ಮೂರು ಮೂರು ಕಾಯಿ ನಡುಮನೆ ಸೇರಿ ಹಣ್ಣಾಗಿ, ಒಂದೊಂದು ಉಳಿಯಿತು. ಅವನಿಗೆ ಬೇಕಿದ್ದದ್ದು ಎರಡೇ. ನನಗೆ ಹತ್ತು. ನನ್ನ ಸರದಿ. ತಟ್ಟೆಯನ್ನು ತೊಡೆಯ ಮೇಲಿಟ್ಟು, ಕವಡೆಗೆ ಉಸಿರು ಊದಿ ಹಾಕಿದೆ. ಮೊಮ್ಮಗಳು ಪಕ್ಕದಲ್ಲೇ ಕೂತು ನೋಡುತ್ತಿದ್ದಳು. ಒಂದು ಬಿತ್ತು.

ನಾನು ಟೈಪ್ ಮಾಡಿದೆ: "ಬಾರ ಬಿತ್ತು. ಮತ್ತೆ ಹಾಕಿದೆ. ಎರಡು. ಹಣ್ಣಾಯ್ತು."

"ಅಯ್ಯೋ ಅಜ್ಜಿ! ಒಂದ್ ಕಣೇ ಬಿದ್ದಿದ್ದು!"

"ನಿನ್ ಕಣ್ಗೆ ಕನ್ನಡಕ ಬೇಕು. ಹೋಗು, ಕಾಫಿ ತಗಂಬಾ."

"ಇಷ್ಟ್ ವಯಸ್ಸಾಗೈತೆ, ನಾಚ್ಕೆ ಆಗಲ್ವಾ?"

"ವಯಸ್ಸಾದ್ಮೇಲೆ ಯಾರಿಗಾರ ನಾಚ್ಕೆ ಆಯ್ತದಾ?"

ಅವಳು ಅಡುಗೆಮನೆಗೆ ಹೋದ ಮೇಲೆ ಇನ್ನೊಂದು ಸಾಲು ಬರೆದೆ. "ಮಾತು ನಂದು. ಇವತ್ತೇ ಹೋಗಿ ಕಾಲು ತೋರ್ಸು." ಕಳಿಸುವ ಗುಂಡಿ ಒತ್ತಿದೆ.

ನಾಲ್ಕು ದಿನ ಏನೂ ಬರಲಿಲ್ಲ. ಐದನೇ ದಿನ ಮಗನಿಗೆ ಫೋನ್ ಬಂತು, ಆಸ್ಪತ್ರೆಯಿಂದ. ಕಿರುಬೆರಳು ತೆಗೆದಿದ್ದಾರೆ, ಪಕ್ಕದ್ದು ಉಳಿದಿದೆ. ಇನ್ನೊಂದು ವಾರ ತಡವಾಗಿದ್ದರೆ ಅರ್ಧ ಪಾದ ಹೋಗುತ್ತಿತ್ತಂತೆ. ಇನ್ನು ಮೇಲೆ ಎತ್ತರದ ಜಾಗಕ್ಕೆ ಕಳಿಸುವುದಿಲ್ಲ, ಕೆಳಗೆ ಸ್ಟೋರಿನಲ್ಲಿ ಕಂಬಳಿ ಎಣಿಸುವ ಕೆಲಸ. ನೌಕರಿ ಉಳಿಯುವುದೋ ಇಲ್ಲವೋ ಯಾರೂ ಹೇಳುತ್ತಿಲ್ಲ.

ಮಗ ಪೂರ್ತಿ ಕೇಳಿಸಿಕೊಂಡದ್ದು ಕೊನೆಯ ಮಾತನ್ನು ಮಾತ್ರ. ತನ್ನ ಮಗ ಬಾಯಿ ಬಿಡುವವನಲ್ಲ, ಜೊತೆಗಿದ್ದ ಐದು ಜನರಲ್ಲಿ ಯಾರೋ ಹೊಟ್ಟೆಕಿಚ್ಚಿಗೆ ಚಾಡಿ ಹೇಳಿದ್ದಾರೆ ಎಂದು ನಿಶ್ಚಯ ಮಾಡಿಕೊಂಡ. ದಿನಾ ಊಟದ ಹೊತ್ತಿಗೆ ಅದೇ.

"ಆ ಕಳ್ನನ್ಮಗ ಯಾವೋನು ಅಂತ ಗೊತ್ತಾಗ್ಲಿ, ಅವ್ನ ಕೈ ಸೇದೋಗ!"

ನಾನು ಮುದ್ದೆ ಮುರಿಯುತ್ತಿದ್ದೆ. ಕೈ ತಡೆದು, ಮತ್ತೆ ಮುರಿದೆ.

"ಹೆತ್ತೋಳು ಬುದ್ಧಿ ಕಲಿಸ್ನಿಲ್ವಾ ಅವ್ನಿಗೆ?"

ಹುಲಿಯೂರುದುರ್ಗದಲ್ಲಿ ಮಣ್ಣಾದ ನನ್ನವ್ವನಿಗೂ ಒಂದು ಪಾಲು ಬಂತು. ನನ್ನ ಫೋನಿನಲ್ಲಿ ಎಲ್ಲ ಓದಿದ್ದ ಮೊಮ್ಮಗಳು ಸಾರಿನ ತಟ್ಟೆಯೊಳಗೆ ಮುಖ ಇಟ್ಟುಕೊಂಡು ನಗು ತಡೆಯುತ್ತಿದ್ದಳು. ನನಗೆ ಮೊದಲ ಎರಡು ದಿನ ನಗು ಬಂತು. ಆಮೇಲೆ ಬರಲಿಲ್ಲ. ಬೈಯಿಸಿಕೊಂಡ ಮೇಲೆ ಎದ್ದು ಹೋಗಲು ಇನ್ನೊಂದು ಮನೆ ಇರಬೇಕು. ನನ್ನನ್ನು ಮಂಚದಿಂದ ಎಬ್ಬಿಸಿ ಕೂರಿಸುವವನೂ ಅವನೇ, ಬೈಯುವವನೂ ಅವನೇ. ಕಂಕುಳಿಗೆ ಕೈ ಕೊಟ್ಟು ಎತ್ತುವಾಗ "ನೋಯ್ತಾ ಅವ್ವ?" ಎನ್ನುತ್ತಾನೆ, ಅದೇ ಉಸಿರಿನಲ್ಲಿ ಆ ಚಾಡಿಕೋರನಿಗೆ ಶಾಪ ಹಾಕುತ್ತಾನೆ.

ಆಸ್ಪತ್ರೆಯಲ್ಲಿ ಸಿಗ್ನಲ್ ಚೆನ್ನಾಗಿತ್ತು. ಒಂದು ದಿನ ಮೊಮ್ಮಗ ವಿಡಿಯೋದಲ್ಲಿ ಬಂದ. ಮುಖ ಕಪ್ಪಾಗಿ ಸಿಪ್ಪೆ ಎದ್ದಿತ್ತು. ಹೇಗಿದ್ದೀಯ ಎನ್ನಲಿಲ್ಲ.

"ಅಜ್ಜಿ, ಆ ಬಾರ ನಿಜ್ವಾಗ್ಲೂ ಬಿತ್ತಾ?"

ಬಿತ್ತು ಎಂದಿದ್ದರೆ ನಂಬುತ್ತಿದ್ದ. 

"ಇಲ್ಲ ಕಣಪ್ಪ. ಒಂದು ಬಿತ್ತು."

ಅವನು ನನ್ನನ್ನೇ ನೋಡಿದ. ಆಮೇಲೆ ಪರದೆ ಕಪ್ಪಾಯಿತು. ಸಿಗ್ನಲ್ ಹೋಯಿತೇನೋ ಎಂದು ಸೊಸೆ ಅಂದಳು. ಸಿಗ್ನಲ್ ಅಲ್ಲ.

ಅಲ್ಲಿಂದ ಸುಮಾರು ಒಂದು ತಿಂಗಳು ನನಗೆ ಒಂದಕ್ಷರ ಬರೆಯಲಿಲ್ಲ. ಹಿಮದಲ್ಲಿದ್ದಾಗ ಮೋಡವನ್ನು ಬೈಯಬಹುದಿತ್ತು. ಈಗ ಬೈಯಲು ಏನೂ ಇರಲಿಲ್ಲ. ನಾನು ಬರೆದದ್ದರ ಪಕ್ಕ ಎರಡು ನೀಲಿ ಗೀಟು ಬೀಳುತ್ತಿದ್ದವು, ಓದಿದ್ದಾನೆ ಎಂದು ಅರ್ಥವಂತೆ. ಗುಡಿಸಲಿನಲ್ಲಿದ್ದ ಐದು ಜನ ಅವನಿಗೆ ಅಣ್ಣತಮ್ಮಂದಿರಾಗಿದ್ದರು. ಅವರಿನ್ನೂ ಮೇಲೆ, ಇವನೊಬ್ಬ ಕೆಳಗೆ ಕಂಬಳಿಗಳ ಮಧ್ಯೆ. ಆ ಗುಡಿಸಲಿನಿಂದ ಅವನನ್ನು ಬಿಡಿಸಿದೆ ಅಂದುಕೊಂಡಿದ್ದೆ. ನಾನು ತನ್ನನ್ನು ಅಲ್ಲಿಂದ ಹೊರಹಾಕಿದೆ ಎಂದು ಅವನು ಅಂದುಕೊಂಡಿದ್ದ.

ಆಮೇಲೆ ಒಂದು ಭಾನುವಾರ ಮೆಸೇಜು ಬಂತು.

"ಸುಳ್ಳು ಬಾರ ಹಾಕ್ದೋರು ಸೋತಂಗೆ. ಹಂಗಾರೆ ಮಾತು ನಂದು. ಅಪ್ಪ ಫೋನ್ ಮಾಡ್ದಾಗ್ಲೆಲ್ಲ ನನ್ ದೋಸ್ತ್‌ಗಳ್ನ ಬೈತದೆ. ನನ್ ಪಾಳಿ ಕಾವಲೂ ಕಾದೋರು ಅವ್ರು. ಕೇಳಕ್ಕಾಗಲ್ಲ. ಯಾರು ಮಾಡಿದ್ದು ಅಂತ ನೀನೇ ಹೇಳು."

ಯಾಕೆ ಎನ್ನುವಂತಿಲ್ಲ. ಮಗ ಅವತ್ತು ಮನೆಯಲ್ಲೇ ಇದ್ದ, ನನ್ನ ವಾಕರಿನ ಸಡಿಲವಾದ ಕಾಲಿಗೆ ಸ್ಕ್ರೂ ಬಿಗಿಯುತ್ತಿದ್ದ.

"ಲೋ, ಆ ಕಳ್ನನ್ಮಗ ಯಾರು ಅಂತ ಗೊತ್ತಾಯ್ತು."

"ಯಾರು?"

"ನಾನು."

ಸ್ಕ್ರೂಡ್ರೈವರ್ ನಿಂತಿತು. ಪೂರ್ತಿ ಹೇಳಿದೆ: ನೇರಳೆ ಬೆರಳು, ಕಟ್ಟಿದ ಮಾತು, ಬೀಳದ ಬಾರ. ಅವನ ಅಪ್ಪನ ಪಾದದ ವಿಷಯವನ್ನೂ ಹೇಳಿದೆ. ಆಸ್ಪತ್ರೆಯಲ್ಲಿ ಕತ್ತರಿಸಿದ ಪಾದವನ್ನು ಬಟ್ಟೆಯಲ್ಲಿ ಸುತ್ತಿ ಇವನ ಕೈಗೇ ಕೊಟ್ಟಿದ್ದರು.

ಅವನು ತಲೆ ಎತ್ತಲಿಲ್ಲ.

"ನಂಗ್ಯಾಕ್ ಹೇಳ್ನಿಲ್ಲ ಅವ್ವ?"

"ತಡ್ಕೊಳ್ಲಿ ಅಂತೀಯೇನೋ ಅಂತ."

ಹಾಗೆ ಎನ್ನುತ್ತಿರಲಿಲ್ಲ ಎಂದು ಅವನು ಹೇಳಲಿ ಎಂದು ಕಾದೆ. ಅವನು ಹೇಳಲಿಲ್ಲ. ತುಂಬ ಹೊತ್ತು ಆ ಸ್ಕ್ರೂವನ್ನೇ ತಿರುಗಿಸಿದ. ಅದು ಎಂದೋ ಬಿಗಿಯಾಗಿತ್ತು. ಆಮೇಲೆ ಮೂಗು ಒರೆಸಿಕೊಂಡು, ಫೋನ್ ತೆಗೆದುಕೊಂಡು, ತನ್ನ ಮಗನ ನಂಬರ್ ಒತ್ತುತ್ತಾ ಬಾಲ್ಕನಿಗೆ ಹೋದ. ಬಾಗಿಲು ಎಳೆದುಕೊಂಡದ್ದರಿಂದ ಮಾತು ಕೇಳಿಸಲಿಲ್ಲ. ಗಾಜಿನಲ್ಲಿ ಅವನ ಬೆನ್ನು ಕಾಣುತ್ತಿತ್ತು. ಮೊದಲು ನೆಟ್ಟಗಿತ್ತು, ಆಮೇಲೆ ಬಾಗಿತು.