ಕಡಿದ ಬಾಲದ ರಾಕ್ಷಸ

ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಬಯ್ಯುವುದು ಬಿಡುವುದು ನಿಮಗೆ ಸೇರಿದ್ದು. ತೀರಿಹೋದ ಒಂದು ಕೂಸಿನ ಹಲ್ಲಿನ ಗುರುತುಗಳನ್ನು ಬಿಸಿ ಗಾಳಿ ಬಿಟ್ಟು ಅಳಿಸಿದವನು ನಾನು. ಅಳಿಸಿ ಸುಮ್ಮನಿದ್ದರೂ ಆಗುತ್ತಿತ್ತು. ಗುರುತಿದ್ದ ಆಟಿಕೆಯನ್ನು ಆ ಕೂಸಿನ ತಾಯಿಯ ಕೈಯಲ್ಲಿಟ್ಟು, ಶಾಬಾಸ್ ಅನ್ನಲಿ ಅಂತ ಹಲ್ಲು ಕಿರಿದುಕೊಂಡು ನಿಂತಿದ್ದೆ.

ಬೀದರಿನಲ್ಲಿ ನನ್ನದೊಂದು ಮೊಬೈಲ್ ರಿಪೇರಿ ಅಂಗಡಿ. ಅಂಗಡಿ ಅನ್ನುವುದು ದೊಡ್ಡ ಮಾತು. ನಾನು ಕೂತರೆ ಗಿರಾಕಿ ನಿಲ್ಲಬೇಕು, ಗಿರಾಕಿ ಕೂತರೆ ನಾನು ರಸ್ತೆಗಿಳಿಯಬೇಕು. ಇವತ್ತು ಬೆಳಿಗ್ಗೆ ಕಮಠಾಣದವರೊಬ್ಬರ ಫೋನಿನ ಬೋರ್ಡಿಗೆ ಬಿಸಿ ಗಾಳಿಯ ಗನ್ನು ಹಿಡಿದಿದ್ದೆ. ಅಂಚಿನ ಪ್ಲಾಸ್ಟಿಕ್ಕಿಗೆ ಜರಾ ತಾಗಿತು. ಆ ವಾಸನೆ ಗೊತ್ತಲ್ಲ ನಿಮಗೆ, ಮೂಗಿಗಿಂತ ಗಂಟಲಲ್ಲೇ ಹೆಚ್ಚು ಹೊತ್ತು ಕೂತಿರುತ್ತದೆ. ಗನ್ನು ಬಂದ್ ಮಾಡಿದೆ. "ಯಾಕ್ರಿ, ಕೆಟ್ಟಿತೇನು?" ಅಂದರು ಅವರು. "ಫೋನ್ ಛಲೋ ಅದರಿ," ಅಂದೆ. ಯಾವುದು ಕೆಟ್ಟಿತ್ತು ಅಂತ ಹೇಳುತ್ತ ಕೂತರೆ ಗಿರಾಕಿ ಎದ್ದುಹೋಗುತ್ತಾನೆ.

ನನಗೆ ಹಳೇ ಪ್ಲಾಸ್ಟಿಕ್ ರಾಕ್ಷಸರನ್ನು ಕೂಡಿಹಾಕುವ ಹುಚ್ಚು. ನಾನು ಹುಟ್ಟುವ ಮುಂಚೆ ಕಿರಾಣಿ ಅಂಗಡಿಗಳ ಗಾಜಿನ ಭರಣಿಗಳಲ್ಲಿ ಇರುತ್ತಿದ್ದವಂತೆ, ಹೆಬ್ಬೆರಳಿನೆತ್ತರದವು: ಮೂರು ಕಣ್ಣಿನವ, ಹೊಟ್ಟೆಯಲ್ಲಿ ಬಾಯಿ ಇದ್ದವ, ಮೊಸಳೆ ಬಾಲದವ. ಯಾರು ಮಾಡಿದರು, ಯಾವ ಊರಿನ ಅಚ್ಚು, ಒಂದೂ ಬರೆದಿಲ್ಲ. ಈಗ ಅವು ಸಿಗುವುದು ಭಂಗಾರದ, ಅಂದರೆ ಗುಜರಿಯ, ಅಂಗಡಿಯ ಗೋಣಿಚೀಲಗಳಲ್ಲಿ, ಇಲ್ಲವೇ ಔರಾದದ ಮಾರುತಿ ಕಾಕಾನ ಸ್ಟೇಷನರಿ ಅಂಗಡಿಯ ಅಟ್ಟದ ಮೇಲೆ. ನಾನು ನಿಚ್ಚಣಿಕೆ ಏರಿದಾಗಲೆಲ್ಲ ಕಾಕಾ ಕೆಳಗಿನಿಂದ ಒದರುತ್ತಾನೆ: "ಮಂದಿ ನನ್ನ ಕಡೆ ಪೆನ್ನು, ವಹಿ ಕೇಳ್ತಾರ. ನೀ ಒಬ್ಬವ ದೆವ್ವ ಕೇಳ್ಲಕ ಬರ್ತಿ ನೋಡು!" ಈ ಮಾತನ್ನು ನಾನು ಕಾಕಾನ ದನಿಯಲ್ಲೇ, ಆ ಕೊನೆಯ ಕೆಮ್ಮಿನ ಸಮೇತ, ಕಾಕಾನಿಗೇ ತಿರುಗಿ ಹೇಳುತ್ತೇನೆ. ಹೌದು, ನನಗೆ ಆ ರೋಗವೂ ಉಂಟು. ಸಂತಪುರ ಬಸ್ಸಿನ ಕಂಡಕ್ಟರು, ಅರ್ಧ ಮರಾಠಿಯಲ್ಲಿ ಬಯ್ಯಲು ಶುರು ಮಾಡಿ ಅರ್ಧ ಕನ್ನಡದಲ್ಲಿ ಮುಗಿಸುವ ನನ್ನ ಆಯಿ, ಎಲ್ಲರೂ ನನ್ನ ಗಂಟಲಲ್ಲಿದ್ದಾರೆ. ನನ್ನದೇ ನಕಲು ಮಾಡಿದಾಗ ಮಾತ್ರ ಯಾರೂ ಗುರುತು ಹಿಡಿಯುವುದಿಲ್ಲ.

ನಮ್ಮಂಥ ಹುಚ್ಚರದು ಫೋನಿನಲ್ಲೊಂದು ಗುಂಪಿದೆ. ಅಲ್ಲಿ ಪ್ರತಿ ರಾಕ್ಷಸನಿಗೂ ಪಂಚಾಯಿತಿ ನಡೆಯುತ್ತದೆ. ಬಣ್ಣ ಮಾಸಿದ್ದರೆ ಕಿಮ್ಮತ್ತು ಇಳಿಯಿತು. ಕೋಡು ಮುರಿದಿದ್ದರೆ ಇನ್ನೂ ಇಳಿಯಿತು. ಹಲ್ಲಿನ ಗುರುತಿದ್ದರಂತೂ "ಕಡದದ್ದು" ಅಂತ ಒಂದೇ ಮಾತು, ಅದಕ್ಕೆ ಮುಂದೆ ಕೇಳುವವರಿಲ್ಲ. ಈ ಗುಂಪಿನಲ್ಲಿ ನನ್ನ ಹೆಸರು ಎದ್ದದ್ದೇ ಕಡಿದವನ್ನು ಉದ್ಧಾರ ಮಾಡಿ. ಗನ್ನನ್ನು ಸಣ್ಣಗಿಟ್ಟು ಬಿಸಿ ಗಾಳಿ ಸವರಿದರೆ ಪ್ಲಾಸ್ಟಿಕ್ಕು ಮೇಣದಂತೆ ಮೆತ್ತಗಾಗಿ ತಗ್ಗುಗಳು ತಾವೇ ತುಂಬಿಕೊಳ್ಳುತ್ತವೆ. ಆಮೇಲೆ ಹಲ್ಲಿನ ಪೇಸ್ಟ್ ಹಚ್ಚಿ ಬಟ್ಟೆಯಿಂದ ತಿಕ್ಕಬೇಕು. ಹಲ್ಲಿನ ಗುರುತಿಗೆ ಹಲ್ಲಿನ ಪೇಸ್ಟು ಅಂತ ಜೋಕು ಬೇರೆ ಹೊಡೆಯುತ್ತಿದ್ದೆ.

ಸುಗುಣಾ ಸಿಸ್ಟರ್ ಇರುವುದು ಭಾಲ್ಕಿಯಲ್ಲಿ, ಚರ್ಚಿನ ಹಿಂದಿನ ಓಣಿಯಲ್ಲಿ. ನರ್ಸ್ ಆಗಿದ್ದವರು. ನಾನು ಸಣ್ಣವನಿದ್ದಾಗ ಬೀದರಿನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದರು. ನನ್ನ ಎರಡೂ ತೋಳು ಅವರ ಸೂಜಿ ಕಂಡಿವೆ. ರಿಟೈರ್ ಆದ ಮೇಲೆ ತಮ್ಮ ಊರು ಅಂತ ಭಾಲ್ಕಿಗೆ ಹೋದರು. ನಾನು ಆ ಕಡೆ ಹಳೇ ಸಾಮಾನು ಹುಡುಕಲು ಹೋದಾಗೆಲ್ಲ ಅವರ ಮನೆಯಲ್ಲಿ ಚಹಾ, ಅದಕ್ಕೆ ಬದಲು ಅವರದೇ ನಕಲು: "ಏನಪಾ, ನೋವಾತೇನು? ಇಲ್ಲ? ಹಂಗಾದ್ರ ಇನ್ನೊಂದು ಚುಚ್ಚತೇನಿ." ಸಿಸ್ಟರ್ ನಕ್ಕು ನಕ್ಕು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. "ನಾ ಹಿಂಗ ಅಂತಿದ್ನೇನೋ ಮೂರ್ಖಾ? ನನಗಿಂತ ನೀನ ಚಂದ ಅಂತಿ."

ಅವರ ಕಿಟಕಿಯ ಕಟ್ಟೆಯ ಮೇಲೆ, ಬೈಬಲ್ಲಿನ ಪಕ್ಕದಲ್ಲಿ, ಕಡು ಹಸಿರಿನ ಮೊಸಳೆ ಬಾಲದವ ನಿಂತಿದ್ದ. ಆ ಬಣ್ಣ ನಮ್ಮ ಗುಂಪಿನಲ್ಲಿ ಯಾರ ಹತ್ತಿರವೂ ಇಲ್ಲ. ಅವನು ಅವರ ಮಗ ಜಯಕರನವನು ಅಂತ ಗೊತ್ತಿತ್ತು. ಜಯಕರ ಸಾಲಿಗೆ ಹೋಗುವ ಮುಂಚೆಯೇ ಜ್ವರ ಬಂದು ತೀರಿಕೊಂಡದ್ದೂ ಗೊತ್ತಿತ್ತು. ಗೊತ್ತಿದ್ದೂ ಕೇಳುತ್ತಿದ್ದೆ, ಕೂಡಿಹಾಕುವವರಿಗೆ ನಾಚಿಕೆ ಕಡಿಮೆ. "ನಾ ಹೋದ ಮ್ಯಾಲ ತಗೊಂಡು ಹೋಗು," ಅನ್ನುತ್ತಿದ್ದರು. "ಯಾವಾಗ ಹೋಗ್ತೀರಿ?" ಅನ್ನುತ್ತಿದ್ದೆ. ಇಬ್ಬರೂ ನಗುತ್ತಿದ್ದೆವು.

ಒಂದು ದಿನ ಗಾಳಿಗೆ ಕಿಟಕಿ ಬಾಗಿಲು ಬಡಿದು ರಾಕ್ಷಸ ನೆಲಕ್ಕೆ ಬಿದ್ದ. ಒಂದು ಕಾಲು ಪುಡಿಯಾಯಿತು. ಸಿಸ್ಟರ್ ಅವನನ್ನು ಕರ್ಚೀಫಿನಲ್ಲಿ ಸುತ್ತಿ ನನಗೆ ಕೊಟ್ಟರು. "ನಿಂದ್ರುವಂಗ ಮಾಡಿ ಕೊಡು. ಅಷ್ಟ ಸಾಕು," ಅಂದರು.

ಈ "ಸಾಕು" ಬಗ್ಗೆ ಒಂದು ಮಾತು ಹೇಳಬೇಕು. ನಮ್ಮ ಕಡೆ ಉಣ್ಣಲು ಕೂತವರು ಸಾಕು ಅಂದರೆ ಇನ್ನೊಂದು ರೊಟ್ಟಿ ಹಾಕಬೇಕು. ಕೈ ಅಡ್ಡ ಹಿಡಿದರೆ ಬೆರಳ ಸಂದಿಯಿಂದಲಾದರೂ ಪಲ್ಯ ಬೀಳಿಸಬೇಕು. ಸಾಕು ಅಂದ ಕೂಡಲೇ ನಿಲ್ಲಿಸಿದವರ ಮನೆಯ ಮಾತು ಊರೆಲ್ಲ ಆಗುತ್ತದೆ. ಹಾಗೆ ಬೆಳೆದ ನಾನು ಸಿಸ್ಟರ್ ಸಾಕು ಅಂದದ್ದನ್ನು ದಾಕ್ಷಿಣ್ಯ ಅಂದುಕೊಂಡೆ. ಇನ್ನೊಂದು ರೊಟ್ಟಿ ಹಾಕಿದೆ.

ಮಾರುತಿ ಕಾಕಾನ ಅಟ್ಟದಲ್ಲಿ ಸಿಕ್ಕ ಮುರುಕು ರಾಕ್ಷಸನ ಕಾಲು ತಂದು ಬೆಸೆದೆ. ಅಲ್ಲಿಗೆ ಕೆಲಸ ಮುಗಿದಿತ್ತು. ಆದರೆ ಬಾಲದ ತುದಿ ಪೂರಾ ಕಡಿದದ್ದು, ನೋಡಿ ಮನಸ್ಸು ತಡೆಯಲಿಲ್ಲ. ಗನ್ನು ಹಿಡಿದೆ. ತಗ್ಗುಗಳು ಒಂದೊಂದಾಗಿ ಕಣ್ಣು ಮುಚ್ಚಿದವು. ತಿಕ್ಕಿ ತಿಕ್ಕಿ ಹೊಳಪು ಬರಿಸಿ ಮೊದಲಿನದು, ಈಗಿನದು ಅಂತ ಎರಡು ಫೋಟೋ ಗುಂಪಿಗೆ ಹಾಕಿದೆ. ಎಲ್ಲರೂ ಹೆಬ್ಬೆರಳು ಎತ್ತಿದರು.

ಭಾಲ್ಕಿ ಬಸ್ಸಿನಲ್ಲಿ ಅವನು ನನ್ನ ತೊಡೆಯ ಮೇಲೆ, ಫೋನಿನ ಡಬ್ಬಿಯಲ್ಲಿ, ಹತ್ತಿಯ ಹಾಸಿಗೆಯ ಮೇಲೆ ಮಲಗಿ ಬಂದ. ಸಿಸ್ಟರ್ ಮುಂದೆ ಡಬ್ಬಿ ತೆಗೆದು, ಅವನನ್ನು ಅಂಗೈ ಮೇಲೆ ನಿಲ್ಲಿಸಿ, ಅವರದೇ ದನಿಯಲ್ಲಿ ಆಡಿಸಿದೆ: "ಏನವಾ ಸುಗುಣಾ, ನನ್ನ ಕಾಲು ನೋಡಿದಿ? ನೋವಾತೇನು ಅಂತ ಒಬ್ಬರಾದ್ರೂ ಕೇಳಿದ್ರೇನು?"

ಅವರು ನಕ್ಕರು. ಕೈಗೆ ತಗೊಂಡರು. ಕಾಲಿನ ಕಡೆ ನೋಡಲಿಲ್ಲ, ಹೆಬ್ಬೆರಳು ನೆಟ್ಟಗೆ ಬಾಲಕ್ಕೆ ಹೋಯಿತು. ತುದಿವರೆಗೂ ಹೋಗಿ ನಿಂತಿತು, ತಿರುಗಿ ಬಂತು, ಮತ್ತೆ ಹೋಯಿತು. ಹೊಳಪು ನೋಡುತ್ತಿದ್ದಾರೆ ಅಂದುಕೊಂಡು ನಾನು ಇನ್ನೂ ಅವರ ದನಿಯಲ್ಲೇ ಇದ್ದೆ: "ನುಣ್ಣಗಾಗ್ಯದಲ್ಲ? ನೋಡು, ಹೊಸಾದರಂಗ ಆಗೀನಿ."

"ಇಲ್ಲಿ ಜಯಕರನ ಹಲ್ಲು ಇದ್ವಲ್ಲೋ," ಅಂದರು. "ಎಲ್ಲಿ ಹಾಕ್ದಿ?"

ನಾನು ಖಾಲಿ ಡಬ್ಬಿಯ ಮುಚ್ಚಳ ಹಾಕಿದೆ.

ಅವರು ಬಯ್ಯಲಿಲ್ಲ. ಕಿಟಕಿಯ ಕಡೆ ತಿರುಗಿ, ಯಾರಿಗೋ ಹೇಳುವಂತೆ ಹೇಳಿದರು. ಐತವಾರ ಚರ್ಚಿನಲ್ಲಿ ಜಯಕರ ಸುಮ್ಮನೆ ಕೂಡಲಿ ಅಂತ ಇದನ್ನು ಕೈಯಲ್ಲಿ ಕೊಡುತ್ತಿದ್ದರಂತೆ. "ಅಯ್ಯನೋರ ಪ್ರಸಂಗ ಉದ್ದ ಆದಂಗ ಇದರ ಬಾಲ ಸಣ್ಣ ಆಗ್ತಿತ್ತು. ಹಾಡಿನ ಹೊತ್ತಿಗೆ ಬಾಯಾಗಿಂದ ತಗದು ಜಂಪರಿಗೆ ಒರಸತಿದ್ದೆ." ಗೋಡೆಯ ಮೇಲಿನ ಒಂದೇ ಒಂದು ಫೋಟೋ ತೋರಿಸಿದರು. ತೆಗೆಯುವ ಹೊತ್ತಿಗೆ ಹುಡುಗ ಅಲ್ಲಾಡಿಬಿಟ್ಟಿದ್ದಾನೆ. ಅಂಗಿ ಕಾಣುತ್ತದೆ, ಮುಖ ಹೊಗೆಯಂತಿದೆ. "ಫೋಟೋದಾಗ ಅಂವ ಮಸುಕದಾನ. ಬಾಲದಾಗ ಮಾತ್ರ ಖಡಕ್ ಕಾಣ್ತಿದ್ದ."

ಚಹಾ ಕೊಟ್ಟರು. ಕುಡಿದೆ. ರಾಕ್ಷಸ ಕಟ್ಟೆಯ ಮೇಲೆ ಎರಡು ಕಾಲಿನ ಮೇಲೆ ನೆಟ್ಟಗೆ ನಿಂತಿದ್ದ.

ಆಮೇಲೆ ಗುಂಪಿನವರು ಕಡಿದವನ್ನು ಕಳಿಸಿದರೆ ನಾನು ಹಾಗೇ ವಾಪಸ್ ಕಳಿಸುತ್ತಿದ್ದೆ. ಗನ್ನು ಕೆಟ್ಟಿದೆ ಅಂತ ಸುಳ್ಳು ಹೇಳಿದೆ. ಅಂಗಡಿಯಲ್ಲಿ ಯಾರೋ "ಆ ಸಿಸ್ಟರ್ ದನಿ ತೆಗೀರಿ" ಅಂದರು. ತೆಗೆಯಲು ಹೋದರೆ "ಎಲ್ಲಿ ಹಾಕ್ದಿ" ಅನ್ನುವುದೊಂದೇ ಬಾಯಿಗೆ ಬರುತ್ತಿತ್ತು, ಅದನ್ನು ನುಂಗಿಕೊಂಡೆ. ಆದರೆ ಒಳಗಿನ ಮೆಕ್ಯಾನಿಕ್ ಸುಮ್ಮನಿರುವ ಪೈಕಿ ಅಲ್ಲ. ಕೆಟ್ಟದ್ದಕ್ಕೆ ಬದಲಿ ಸಾಮಾನು ಹುಡುಕುವುದೇ ಅವನ ವಿದ್ಯೆ. ಹುಡುಕಿದೆ. ಎಕಂಬಾದ ಒಂದು ಮನೆಯವರು ಭಂಗಾರಕ್ಕೆ ಹಾಕಿದ್ದ ಚೀಲದಲ್ಲಿ ಸಿಕ್ಕೇಬಿಟ್ಟ, ಅದೇ ಕಡು ಹಸಿರಿನ ಮೊಸಳೆ ಬಾಲದವ. ಬಾಲ ಪೂರಾ ಕಡಿದದ್ದು. ಸೋಪಿನ ನೀರಿನಿಂದ ಸಹ ತೊಳೆಯಲಿಲ್ಲ. ಹೋದ ಐತವಾರ, ಚರ್ಚು ಬಿಡುವ ಹೊತ್ತು ನೋಡಿಕೊಂಡು ಭಾಲ್ಕಿಗೆ ಒಯ್ದೆ.

"ಸಿಸ್ಟರ್," ಅಂದೆ, ಈ ಸಲ ನನ್ನದೇ ದನಿಯಲ್ಲಿ, "ಇದನ್ನ ಇಟ್ಕೋರಿ. ಬಣ್ಣ ಅದೇ, ಅಚ್ಚು ಅದೇ. ಕಡದದ್ದೂ ಹಂಗೇ ಅದರಿ, ಕೈಯಾಡಿಸಿ ನೋಡ್ರಿ. ಫರಕ್ ಗೊತ್ತಾಗಂಗಿಲ್ಲ."

ಅವರು ಚಾಳೀಸು ಹಾಕಿಕೊಂಡರು. ಬಾಲವನ್ನು ಬೆಳಕಿಗೆ ಹಿಡಿದು, ಹೆಬ್ಬೆರಳಿನಿಂದ ಒಂದೊಂದೇ ತಗ್ಗನ್ನು ಮುಟ್ಟಿ, ಬಹಳ ಹೊತ್ತು ನೋಡಿದರು. ಆಮೇಲೆ ರಾಕ್ಷಸನನ್ನು ನನ್ನ ಅಂಗೈಯಲ್ಲಿಟ್ಟು ನನ್ನ ಬೆರಳುಗಳನ್ನು ತಾವೇ ಮಡಚಿದರು.

"ಇದು ಬ್ಯಾರೆ ಯಾರದೋ ಕೂಸು ಕಡದದ್ದಪಾ. ಹುಡುಕಿ ಅವರವ್ವಗ ಕೊಟ್ಟು ಬಾ."